ದೆವ್ವವಿಲ್ಲದ ದೆವ್ವದ ಪಿಚ್ಚರು

ನನಗೆ ಕಿರುಚಲು ಬರುವುದಿಲ್ಲ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೀಟಿ ಹೊಡೆಯಲು ಬರುವುದಿಲ್ಲ, ಹಾಗೆ ಇದೂ ಒಂದು. ಹೋದ ವಾರ ಒಗ್ಗರಣೆ ಹಾಕುತ್ತ ನಿಂತಿದ್ದಾಗ ಮೇಲಿನಿಂದ ಹಲ್ಲಿಯೊಂದು ನನ್ನ ಹೆಗಲ ಮೇಲೆ ಬಿತ್ತು. ನನ್ನ ಬದಲಿಗೆ ಸೊಸೆ ಕಿರುಚಿದಳು, ಮೊಮ್ಮಗಳು ಕಿರುಚಿದಳು, ಅವರಿಬ್ಬರ ದನಿ ಕೇಳಿ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ನಾನು ಸೌಟು ಹಿಡಿದುಕೊಂಡೇ, "ಹಲ್ಲಿ ಬಿದ್ದದ" ಎಂದೆ. ಹಲ್ಲಿ ಒಂದು ಕ್ಷಣ ನನ್ನ ಮುಖ ನೋಡಿ, ತನಗೆ ಸಿಗಬೇಕಾದ ಮರ್ಯಾದೆ ಇಲ್ಲಿ ಸಿಗಲಿಲ್ಲವೆಂಬಂತೆ ಇಳಿದು ಹೋಯಿತು.

ಹುಟ್ಟಿದಾಗಲೂ ನಾನು ಅಳಲಿಲ್ಲವಂತೆ. ಸೂಲಗಿತ್ತಿ ಬೆನ್ನಿಗೆ ತಟ್ಟಿದರೆ ಸೀನಿದೆನಂತೆ. ಮುಂದೆ ವಿಜಾಪುರದ ಹೆಣ್ಣುಮಕ್ಕಳ ಸಾಲಿಯಲ್ಲಿ ಟೀಚರಾದ ಮೇಲೂ ಗದ್ದಲ ಮಾಡುವ ಹುಡುಗಿಯರಿಗೆ ನಾನು ದನಿಯೆತ್ತಿ ಬೈದದ್ದಿಲ್ಲ. ಸೀಮೆಸುಣ್ಣದ ಖಡು ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಿದ್ದೆ. ಅವರಾಗಿಯೇ ಸುಮ್ಮನಾಗುತ್ತಿದ್ದರು. ಬೆನ್ನ ಹಿಂದೆ ನನಗೆ 'ಮೂಕಿ ಅಕ್ಕೋರು' ಎಂದು ಹೆಸರಿಟ್ಟಿದ್ದರು. ನನಗದು ಗೊತ್ತಿತ್ತು, ಅದಕ್ಕೂ ನಾನು ಏನೂ ಅನ್ನಲಿಲ್ಲ.

ಇಂಥ ನಾನು ಒಂದು ಕಾಲಕ್ಕೆ ದೆವ್ವದ ಸಿನಿಮಾದ ನಾಯಕಿಯಾಗಿದ್ದೆ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ನೀವಾದರೂ ನಂಬಬೇಕು. ದೆವ್ವದ ಸಿನಿಮಾದಲ್ಲಿ ಹೆಂಗಸಿಗೆ ಇರುವುದು ಒಂದೇ ಕೆಲಸ. ಆ ಒಂದು ಕೆಲಸ ನನಗೆ ಬರುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಮಲ್ಲಣ್ಣ. ನಮ್ಮ ದೊಡ್ಡವ್ವನ ಮಗ, ತೊರವಿಯವನು. ಕನ್ನಡದವರೆಲ್ಲ ಒಂದೇ ರಾಜ್ಯದವರಾಗಿ ಕೆಲವೇ ವರ್ಷ ಆಗಿದ್ದ ಕಾಲ ಅದು. ನಮ್ಮ ಕಡೆಯ ಹುಡುಗರು ಬೆಂಗಳೂರಿನ ದಾರಿ ಕೇಳುತ್ತಿರಲಿಲ್ಲ, ಸೊಲ್ಲಾಪುರ, ಪುಣೆ, ಕೊಲ್ಹಾಪುರ ಅನ್ನುತ್ತಿದ್ದರು. ಮಲ್ಲಣ್ಣ ಕೊಲ್ಹಾಪುರಕ್ಕೆ ಹೋಗಿ ಸಿನಿಮಾ ಸ್ಟುಡಿಯೋ ಸೇರಿದ. ಕ್ಯಾಮೆರಾ ವಿಭಾಗದಲ್ಲಿದ್ದೇನೆ ಎಂದು ಬರೆಯುತ್ತಿದ್ದ. ಸುಳ್ಳೇನಲ್ಲ. ಹೊರಗಡೆ ಶೂಟಿಂಗ್ ಇದ್ದಾಗ ಕ್ಯಾಮೆರಾದ ಮೇಲೆ ಕೊಡೆ ಹಿಡಿಯುವುದು ಅವನ ಕೆಲಸವಾಗಿತ್ತು. ವರ್ಷಗಟ್ಟಲೆ ತಾನು ಬಿಸಿಲಲ್ಲಿ ನಿಂತು ಕ್ಯಾಮೆರಾವನ್ನು ನೆರಳಿನಲ್ಲಿಟ್ಟು, ಕಡೆಗೊಂದು ದಿನ ಯಾರೋ ಬೇಡವೆಂದು ಮೂಲೆಗೆ ಒಗೆದಿದ್ದ ಸಣ್ಣ ಕ್ಯಾಮೆರಾ ಒಂದನ್ನು ಎತ್ತಿಕೊಂಡು ಊರಿಗೆ ಬಂದ. ಅಲಾರಂ ಗಡಿಯಾರದ ಹಾಗೆ ಅದಕ್ಕೆ ಕೀಲಿ ಕೊಡಬೇಕಿತ್ತು. ಒಮ್ಮೆ ಕೀಲಿ ತಿರುವಿದರೆ ಹತ್ತಿಪ್ಪತ್ತು ಮಾತಾಡುವಷ್ಟು ಹೊತ್ತು ಕಟಕಟ ಓಡಿ ನಿಂತುಬಿಡುತ್ತಿತ್ತು. ಅದಕ್ಕೆ ಕಿವಿ ಇರಲಿಲ್ಲ, ಅಂದರೆ ಮಾತು ಹಿಡಿಯುತ್ತಿರಲಿಲ್ಲ, ಬರೀ ಚಿತ್ರ.

ತೊರವಿಯಲ್ಲಿ ಅವನ ಅಪ್ಪನ ಎಣ್ಣೆ ಅಂಗಡಿ ಇತ್ತು. ಮಗನ ಕೊರಳಿನ ರುಮಾಲು, ಕಣ್ಣಿನ ಕಪ್ಪು ಕನ್ನಡಕ ನೋಡಿ ಅವರು ಹೇಳಿದ್ದು ಇಷ್ಟೇ: "ದೀಪಾವಳಿ ತನಕ ಏನ್ ಮಾಡ್ತಿ ಮಾಡು. ದೀಪಾವಳಿಗೆ ಅಂಗಡ್ಯಾಗ ಕುಂಡ್ರಬೇಕು. ಇಲ್ಲಂದ್ರ ಇದರಾಗ ನಿನಗೇನ್ ಬರ್ತದ ಅಂತ ನಾಕ್ ಮಂದಿ ಮುಂದ ತೋರಿಸು."

ತೋರಿಸಲಿಕ್ಕೆ ಮಲ್ಲಣ್ಣ ಆರಿಸಿಕೊಂಡದ್ದು ದೆವ್ವದ ಸಿನಿಮಾ. ನಮ್ಮ ಜೋರಾಪುರ ಪೇಟೆಯ ಮನೆಗೆ ಬಂದು ಅಪ್ಪನ ಮುಂದೆ ಕೂತ. ಅಪ್ಪ ಕೋರ್ಟಿನಲ್ಲಿ ಕಾರಕೂನರು. ಏನನ್ನೇ ಆಗಲಿ ಪ್ರಶ್ನೆ ಕೇಳಿ ಕೇಳಿಯೇ ತಿಳಿದುಕೊಳ್ಳುವವರು.

"ಕಾಕಾ, ನಮ್ಮ ಕಮಲಾನ್ನ ಪಿಚ್ಚರಿನಾಗ ಹಾಕ್ಕೊಳ್ಳಾಕ ನಿಮ್ಮ ಒಪ್ಪಿಗಿ ಬೇಕ್ರಿ."

"ಹೀರೋ ಯಾರು?"

"ಹೀರೋ ಇಲ್ರಿ."

"ಹಾಡು?"

"ಮಾತ ಇಲ್ರಿ. ಇನ್ನ ಹಾಡೆಲ್ಲಿ."

"ದೆವ್ವದ ಪಿಚ್ಚರು ಅಂತಿ. ದೆವ್ವದ ಪಾರ್ಟು ಯಾರು ಮಾಡ್ತಾರ?"

"ದೆವ್ವಾನೂ ಇಲ್ರಿ ಕಾಕಾ. ಇದು ಪ್ರಯೋಗ ಐತ್ರಿ. ಒಂದು ಖಾಲಿ ವಾಡೇ. ಅದರಾಗ ಒಬ್ಬಾಕಿ ಹೆಣ್ಣಮಗಳು ಅಡ್ಡಾಡ್ತಾಳ. ಖೋಲಿ ಖೋಲಿ ನೋಡ್ತಾಳ. ಯಾರೂ ಇಲ್ಲ. ಕಡೀಕೆ ಹೊಳ್ಳಿ ಬಾಗಲಾ ನೋಡಿ ಕಿರುಚ್ತಾಳ. ಅಲ್ಲೂ ಯಾರೂ ಇಲ್ಲ. ಮುಗೀತು."

ಅಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಮಗಳು ಸಿನಿಮಾ ಸೇರಿದಳು ಎಂದಾಗಿ ಎಲ್ಲಿ ಗಂಡು ತಪ್ಪುತ್ತದೋ ಎನ್ನುವುದು ಅವರ ಚಿಂತೆ. ಆದರೆ ಈ ಸಿನಿಮಾದಲ್ಲಿ ಆಕ್ಷೇಪಣೆ ಎತ್ತಬೇಕೆಂದರೂ ಒಬ್ಬ ಮನುಷ್ಯ ಸಿಗುತ್ತಿರಲಿಲ್ಲ. "ಯಾರೂ ಇಲ್ಲದ ಮನ್ಯಾಗ, ಯಾರೂ ಇಲ್ಲದ ಪಿಚ್ಚರು," ಎಂದು ತಮಗೆ ತಾವೇ ಹೇಳಿಕೊಂಡು, "ಆತು, ಇಕಿ ಅವ್ವ ಸಂಗಾಟ ಬರ್ತಾಳ" ಎಂದರು.

ಆಮೇಲೆ ನಾನು ಮಲ್ಲಣ್ಣನನ್ನು ಕೇಳಿದೆ, "ಯಾರೂ ಇಲ್ಲಂದ್ರ ಕಿರುಚೂದ್ಯಾಕ? ಯಾರಾದ್ರೂ ಇದ್ರ ಅಲ್ಲೇನು ಕಿರುಚೂದು?"

"ಅದನ್ನ ನೀ ವಿಚಾರ ಮಾಡಬ್ಯಾಡ," ಎಂದ. "ನೀ ಬರೇ ಕಿರುಚು."

ಖಾಲಿ ವಾಡೇ, ಅಂದರೆ ಅಂಥ ದೊಡ್ಡ ಹಳೆಯ ಮನೆ, ಎಲ್ಲಿಂದ ತರುವುದು? ವಿಜಾಪುರದಲ್ಲಿ ಗೋರಿ, ಗುಮ್ಮಟ, ಮಹಲುಗಳಿಗೇನು ಕಡಿಮೆ ಇಲ್ಲ. ಆದರೆ ಅಲ್ಲೆಲ್ಲ ಕಾವಲುಗಾರರು, ನೋಡಲು ಬರುವ ಮಂದಿ, ಮೇಯುವ ಕುರಿ. ಆಗ ನೆನಪಾದದ್ದು ಶಿವಪ್ಪಣ್ಣನ ತಿಕೋಟಾದ ವಾಡೇ. ಶಿವಪ್ಪಣ್ಣ ನಮ್ಮ ಓಣಿಯವರೇ, ಜೋಳದ ವ್ಯಾಪಾರಿ. ಅವರ ತಮ್ಮ ಈರಪ್ಪ ಬಬಲೇಶ್ವರದಲ್ಲಿ ಹೊಲ ಮಾಡಿಕೊಂಡಿದ್ದರು. ಅಪ್ಪ ತೀರಿದ ಮೇಲೆ ಅಣ್ಣತಮ್ಮಂದಿರು ಎಲ್ಲವನ್ನೂ ಪಾಲು ಮಾಡಿಕೊಂಡರು. ವಾಡೇ ಮಾತ್ರ ಪಾಲಾಗಲಿಲ್ಲ. ಪಡಸಾಲಿ ನನಗೆ ಅಂದರೆ ಪಡಸಾಲಿ ನನಗೆ ಎಂದು ಇಬ್ಬರೂ ಹಟಕ್ಕೆ ಬಿದ್ದು, ಒಂದೇ ಬಾಗಿಲಿಗೆ ಇಬ್ಬರೂ ತಮ್ಮ ತಮ್ಮ ಕೀಲಿ ಜಡಿದು ಹೋದರು. ಅವರ ತಾಯಿ ಗಂಗವ್ವ ಎರಡು ತಿಂಗಳು ಜೋರಾಪುರ ಪೇಟೆ, ಎರಡು ತಿಂಗಳು ಬಬಲೇಶ್ವರ ಎಂದು ಪಾಳಿಯ ಮೇಲೆ ತಿರುಗುತ್ತಿದ್ದರು. ಮಕ್ಕಳಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಗಂಗವ್ವನನ್ನು ಕರೆದುಕೊಂಡು ಹೋಗಲು ಬಂದಾಗಲೂ ಈರಪ್ಪ ಓಣಿಯ ತುದಿಯಲ್ಲೇ ಚಕ್ಕಡಿ ನಿಲ್ಲಿಸುತ್ತಿದ್ದರು.

ಮಲ್ಲಣ್ಣ ಮೊದಲು ಶಿವಪ್ಪಣ್ಣನನ್ನು ಕೇಳಿದ. "ಅಂವ ಕೀಲಿ ತಗೀತಾನಂದ್ರ ನಾನೂ ತಗೀತೀನಿ. ಆದ್ರ ಅಂವ ಇರೂತನಕ ನಾನೂ ಅಲ್ಲೇ ಇರಾಂವ," ಎಂದರು. ಮಲ್ಲಣ್ಣ ಸೈಕಲ್ ತುಳಿದುಕೊಂಡು ಬಬಲೇಶ್ವರಕ್ಕೆ ಹೋದ. ಈರಪ್ಪನೂ ಅದೇ ಮಾತನ್ನು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿದರು. ಮೊದಲ ಆಟ ಆ ವಾಡೇದಲ್ಲೇ ತೋರಿಸಬೇಕು ಎನ್ನುವುದೂ ಇಬ್ಬರ ಷರತ್ತು. ಇಬ್ಬರಿಗೂ ಸಿನಿಮಾದ ಹುಚ್ಚು ಇರಲಿಲ್ಲ. ಇನ್ನೊಬ್ಬನ ಮನೆಯಲ್ಲಿ ತೋರಿಸಿಬಿಟ್ಟಾರು ಎಂಬ ಅಂಜಿಕೆ ಇತ್ತು.

ಬೇಸಿಗೆ ರಜೆಯಲ್ಲಿ ನಾವು ತಿಕೋಟಾಕ್ಕೆ ಹೋದೆವು. ಮಲ್ಲಣ್ಣನ ತೊಡೆಯ ಮೇಲೆ ಕ್ಯಾಮೆರಾ, ಅವ್ವನ ತೊಡೆಯ ಮೇಲೆ ರೊಟ್ಟಿಯ ಗಂಟು, ನನ್ನ ತೊಡೆಯ ಮೇಲೆ ಹಡಪದವರ ಕ್ಷೌರದಂಗಡಿಯಿಂದ ಎರವಲು ತಂದ ಎರಡು ಕನ್ನಡಿ. ದೀಪಗಳಿಗೆ ಗತಿ ಇರಲಿಲ್ಲವಾದ್ದರಿಂದ ಬಿಸಿಲನ್ನೇ ಕನ್ನಡಿಯಿಂದ ಒಳಗೆ ತಿರುಗಿಸುವುದೆಂದು ಮಲ್ಲಣ್ಣ ಲೆಕ್ಕ ಹಾಕಿದ್ದ. ಹೀಗಾಗಿ ನಮ್ಮದು ಮಟಮಟ ಮಧ್ಯಾಹ್ನದ ದೆವ್ವದ ಸಿನಿಮಾ. ವಿಜಾಪುರದ ಬೇಸಿಗೆ ಕಂಡವರಿಗೆ ಗೊತ್ತು, ಆ ಹೊತ್ತಿನಲ್ಲಿ ದೆವ್ವವೂ ಹೊರಗೆ ಬರಲಿಕ್ಕಿಲ್ಲ.

ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಬೆನ್ನು ತಿರುವಿ ನಿಂತು ಕೀಲಿ ತೆಗೆದರು. ಬಾಗಿಲು ಕಿರ್ರೆಂದಿತು. ಒಳಗೆ ಕಾಲಿಟ್ಟ ಮಲ್ಲಣ್ಣನ ಕಣ್ಣಲ್ಲಿ ನೀರು ಬಂತು. ನೆಲದ ಮೇಲೆ ಬೆರಳು ಮುಳುಗುವಷ್ಟು ಧೂಳು. ಕಂಬದಿಂದ ಕಂಬಕ್ಕೆ ಜೇಡರ ಬಲೆ. ನಡುಮನೆಯಲ್ಲಿ ಬಾವಲಿ. "ಕಮಲಾ," ಎಂದ ಗದ್ಗದವಾಗಿ, "ಇಂಥಾ ಧೂಳು ಕೊಲ್ಹಾಪುರದ ಸ್ಟುಡಿಯೋದಾಗೂ ಇಲ್ಲ." ಈರಪ್ಪ ಮಾತ್ರ, "ಯಾರೂ ಚಪ್ಪಲಿ ಬಿಡಬ್ಯಾಡ್ರಿ, ಚೇಳ ಅದಾವು," ಎಂದರು. ಅವತ್ತಿನಿಂದ ಆ ಮನೆಯಲ್ಲಿ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡೇ ತಿರುಗುವುದು ರೂಢಿಯಾಯಿತು. ಖಾಲಿ ಮನೆ ಅಂದಮೇಲೆ ಮಡಿ ಮೈಲಿಗೆ ಯಾರಿಗೆ?

ಅವತ್ತು ಜಾಗ ನೋಡುವುದರಲ್ಲೇ ಹೊತ್ತು ಹೋಯಿತು. ಅವ್ವ, ನಾನು, ಮಲ್ಲಣ್ಣ ಅಲ್ಲೇ ಹತ್ತಿರದ ಪರಿಚಯದವರ ಮನೆಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ವಾಡೇಕ್ಕೆ ಬಂದರೆ ಮಲ್ಲಣ್ಣ ಬಾಗಿಲಲ್ಲೇ ಕುಸಿದು ಕೂತ.

ಧೂಳು ಹೋಗಿತ್ತು. ಬಲೆ ಹೋಗಿತ್ತು. ಪಡಸಾಲಿಯ ನೆಲ ಹಸಿ ಸಗಣಿಯ ವಾಸನೆ ಬೀರುತ್ತ ನುಣ್ಣಗೆ ಹೊಳೆಯುತ್ತಿತ್ತು. ಹೊಸ್ತಿಲಿಗೆ ರಂಗೋಲಿ. ಗಂಗವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಸಬರಿಗೆ ಮೂಲೆಗೆ ಇಡುತ್ತಿದ್ದರು. ಮಕ್ಕಳು ವಾಡೇ ತೆಗೆದರೆಂದು ಕೇಳಿ ಬಬಲೇಶ್ವರದಿಂದ ರಾತ್ರಿಯ ಚಕ್ಕಡಿಯಲ್ಲೇ ಬಂದಿದ್ದರು. ಅದು ಈರಪ್ಪನ ಮನೆಯ ಪಾಳಿ.

"ಯಮ್ಮಾ, ಏನ್ ಮಾಡಿದ್ರಿ ಇದು?" ಎಂದ ಮಲ್ಲಣ್ಣ.

"ಪಿಚ್ಚರ ತಗಿಯವರು ಬರ್ತಾರಂತ ಹೇಳಿದ್ರಪಾ. ಮಂದಿ ನೋಡೂ ಮನಿ. ಹೊಲಸ ಇಟ್ರ ಏನಂತಾರ?"

"ನನಗ ಹೊಲಸ ಬೇಕಾಗಿತ್ರಿ. ಇದು ಯಾರೂ ಇರಲಾರದ ಮನಿ ಕಾಣಬೇಕು."

ಗಂಗವ್ವ ಅವನನ್ನು ಕನಿಕರದಿಂದ ನೋಡಿದರು. "ಯಾರೂ ಇರಲಾರದ ಮನಿ ಅಂದ್ರ ಕಸಾ ಹೊಡೀಬಾರದೇನು?"

ಮಲ್ಲಣ್ಣ ಬುಟ್ಟಿ ತೆಗೆದುಕೊಂಡು ಓಣಿಗೆ ಹೋಗಿ, ಬಂಡಿ ದಾರಿಯ ಮಣ್ಣು ಸೋಸಿ ತಂದು, ಹಿಟ್ಟು ಉದುರಿಸುವಂತೆ ಪಡಸಾಲಿ ತುಂಬ ಉದುರಿಸಿದ. ನನ್ನ ಹಳೆಯ ತಲೆದಿಂಬಿನ ಅರಳೆ ಹಿಂಜಿ ಕಂಬಗಳಿಗೆ ಬಲೆ ಕಟ್ಟಿದ. ಊಟ ಮಾಡಿ ಬರುವಷ್ಟರಲ್ಲಿ ಗಂಗವ್ವ ಮತ್ತೆ ಗುಡಿಸಿದ್ದರು. ಅರಳೆಯನ್ನು ಒಪ್ಪವಾಗಿ ಉಂಡೆ ಮಾಡಿ ನನ್ನ ಕೈಗೆ ಕೊಟ್ಟು, "ದೀಪದ ಬತ್ತಿಗೆ ಬರ್ತದವಾ, ಹಾಳ ಮಾಡಬ್ಯಾಡ್ರಿ," ಎಂದರು. ಹೀಗೆ ಅವನು ಹಾಕುವುದು, ಆಕೆ ಬಳಿಯುವುದು ದಿನಾ ನಡೆಯಿತು.

ತಾಯಿ ಬಂದಿದ್ದಾಳೆ ಎಂದಮೇಲೆ, ಅವರ ಜೊತೆಗೇ ಬಂದಿದ್ದ ಈರಪ್ಪನ ಹೆಂಡತಿ ಒಲೆ ಹೂಡಿದಳು. ಅವಳು ಒಲೆ ಹೂಡಿದಳೆಂದು ಶಿವಪ್ಪಣ್ಣ ವಿಜಾಪುರದಿಂದ ತಮ್ಮ ಹೆಂಡತಿಯನ್ನು ಕರೆಸಿದರು. ನಾಳೆ ಒಲೆ ಇದ್ದವರದೇ ಮನೆ ಎಂದು ಕೋರ್ಟು ಹೇಳಿದರೆ? ಆಕೆ ಎದುರು ಮೂಲೆಯಲ್ಲಿ ಇನ್ನೊಂದು ಒಲೆ ಹೂಡಿದಳು. ಸಿನಿಮಾದವರಿಗೆ ಒಂದು ಒಲೆಯಿಂದ ಚಹಾ ಬಂತೆಂದರೆ ಇನ್ನೊಂದರಿಂದಲೂ ಬರುತ್ತಿತ್ತು. ಒಂದನ್ನು ಕುಡಿದು ಇನ್ನೊಂದನ್ನು ಬಿಟ್ಟರೆ ಆ ಕಡೆಯ ಕೀಲಿ ಮತ್ತೆ ಬೀಳುತ್ತದೆ. ಆದ್ದರಿಂದ ನಾನು ಎರಡೂ ಕುಡಿದೆ. ಭಯಪಡುವ ಹೆಂಗಸಿನ ಪಾತ್ರ ಮಾಡಬೇಕಾದವಳು ಹೊಟ್ಟೆ ತುಂಬ ಚಹಾ ಹೊತ್ತು ಗುಳುಗುಳು ಎನ್ನುತ್ತ ಖೋಲಿ ಖೋಲಿ ಅಡ್ಡಾಡುತ್ತಿದ್ದೆ.

ಮನೆ ತೆರೆದಿದೆ ಎಂದು ಊರಿಗೆ ತಿಳಿಯಿತು. ಖಾಲಿ ಮನೆಯ ಸಿನಿಮಾ ಹೇಗೆ ತೆಗೆಯುತ್ತಾರೆ ನೋಡಲು ಬಂದವರು ಅದು ಖಾಲಿಯಾಗದಂತೆ ನೋಡಿಕೊಂಡರು. ಅಟ್ಟದಲ್ಲಿ ಯಾರದೋ ಕೋಳಿ ಮೊಟ್ಟೆಯಿಟ್ಟಿತು. ಒಳ್ಳೆಯ ಬಿಸಿಲು ಬೀಳುತ್ತದೆಂದು ಅಂಗಳದಲ್ಲಿ ನೆರೆಮನೆಯವರು ಹಪ್ಪಳ ಹಾಕಿದರು. ಮಲ್ಲಣ್ಣ ಕ್ಯಾಮೆರಾ ಹಿಡಿದು, "ದಯಮಾಡಿ ಯಾರೂ ಇರಬ್ಯಾಡ್ರಿ," ಎಂದು ಕೈಮುಗಿಯುತ್ತ ಖೋಲಿಯಿಂದ ಖೋಲಿಗೆ ಹೋಗುತ್ತಿದ್ದ. ಒಂದು ಖೋಲಿಯಿಂದ ಹೊರಬಿದ್ದವರು ಇನ್ನೊಂದು ಖೋಲಿಗೆ ಹೋಗಿ ನಿಲ್ಲುತ್ತಿದ್ದರು. ಕೀಲಿ ತಿರುವಿ ಕಟಕಟ ಶುರುವಾಯಿತೆನ್ನುವಾಗ ಕಿಟಕಿಯಲ್ಲಿ ರುಮಾಲು ಸುತ್ತಿದ ಒಂದು ತಲೆ ಕಾಣುತ್ತಿತ್ತು.

ಕಿರುಚುವ ಅಭ್ಯಾಸವೂ ನಡೆದಿತ್ತು. ದನಿ ಬೇಕಿರಲಿಲ್ಲ, ಬಾಯಿ ತೆರೆದು ಕಣ್ಣರಳಿಸಿದರೆ ಸಾಕಿತ್ತು. ತೆರೆದೆ. "ಆಕಳಿಸಿದಂಗ ಕಾಣ್ತದ," ಎಂದ ಮಲ್ಲಣ್ಣ. ಕಣ್ಣರಳಿಸಿದೆ. "ಪಾಠ ಮಾಡಿದಂಗ ಕಾಣ್ತದ," ಎಂದ. ಇದನ್ನು ನೋಡುತ್ತ ಕೂತಿದ್ದ ಗಂಗವ್ವ, "ಹಂಗಲ್ಲವಾ, ಹಿಂಗ," ಎಂದು, ಹೊಲದಲ್ಲಿ ಹಕ್ಕಿ ಓಡಿಸುವಾಗ ಕೂಗುವ ಹಾಗೆ ಒಂದು ಸಲ ಕೂಗಿ ತೋರಿಸಿದರು. ಹೊರಗೆ ಹೋಗಿದ್ದ ಮಂದಿಯೆಲ್ಲ ಮತ್ತೆ ಒಳಗೆ ಓಡಿಬಂದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಎಷ್ಟೋ ವರ್ಷದ ಮೇಲೆ ಅತ್ತಿ ನಗುವುದನ್ನು ನೋಡಿದೆ ಎಂದು ಶಿವಪ್ಪಣ್ಣನ ಹೆಂಡತಿ ನಮ್ಮವ್ವನ ಮುಂದೆ ಹೇಳಿದಳು. ಹೇಳಿದ್ದು ಅವ್ವನಿಗೆ, ಆದರೆ ಕೇಳಲಿ ಎಂದು ನೋಡಿದ್ದು ಓರಗಿತ್ತಿಯ ಕಡೆಗೆ. ಅವಳೂ ಒಲೆ ಊದುತ್ತಲೇ ಹೌದೆಂದು ತಲೆಯಾಡಿಸಿದಳು.

ಕಡೆಯ ದಿನ ಬಂತು. ರೀಲು ತೀರುತ್ತ ಬಂದಿತ್ತು. ಉಳಿದದ್ದು ಕಡೆಯ ದೃಶ್ಯಕ್ಕೆ ಮಾತ್ರ: ನಾನು ಪಡಸಾಲಿಯ ನಡುವೆ ಬರಬೇಕು, ನಿಲ್ಲಬೇಕು, ಹೊರಳಿ ನಡುಮನೆಯ ಖಾಲಿ ಬಾಗಿಲನ್ನು ನೋಡಿ ಕಿರುಚಬೇಕು. ಮಲ್ಲಣ್ಣ ಉಪಾಯ ಮಾಡಿ ಮಂದಿಯನ್ನೆಲ್ಲ ಊರ ಅಗಸಿ ಬಾಗಿಲ ಹತ್ತಿರ ಚುರುಮರಿ ಹಂಚುತ್ತಾರೆಂದು ಹೇಳಿ ಕಳಿಸಿದ. ಅಂಗಳದಲ್ಲಿ ಅಣ್ಣತಮ್ಮಂದಿರಿಗೆ ಒಂದೊಂದು ಕನ್ನಡಿ ಕೊಟ್ಟ. ಶಿವಪ್ಪಣ್ಣ ಒಂದು ಮೂಲೆಯಿಂದ ಬಿಸಿಲು ಒಳಗೆ ಬಿಟ್ಟರೆ ಈರಪ್ಪ ಇನ್ನೊಂದು ಮೂಲೆಯಿಂದ ಬಿಟ್ಟರು. ತನ್ನ ಬೆಳಕು ಕಡಿಮೆಯಾಗಬಾರದೆಂದು ಇಬ್ಬರೂ ಹಟ ಹಿಡಿದು ಕನ್ನಡಿ ಓರೆ ಮಾಡಿದ್ದರಿಂದ ಪಡಸಾಲಿ ಮದುವೆಮನೆಯ ಹಾಗೆ ಝಗಝಗ ಎನ್ನುತ್ತಿತ್ತು. "ಇಷ್ಟ ಬ್ಯಾಡ್ರೀ," ಎಂದು ಮಲ್ಲಣ್ಣ ಹೇಳಿದ್ದು ಅವರಿಗೆ ಕೇಳಲಿಲ್ಲ.

ಕ್ಯಾಮೆರಾ ಕಟಕಟ ಎಂದಿತು. ನಾನು ನಡೆದೆ. ನಿಂತೆ. ಉಸಿರು ಬಿಗಿಹಿಡಿದು, ಈ ಸಲ ಹೇಗಾದರೂ ಕಿರುಚಲೇಬೇಕೆಂದು ಬಾಯಿ ತೆರೆಯುತ್ತ ಹೊರಳಿದೆ.

ಬಾಗಿಲಲ್ಲಿ ಗಂಗವ್ವ ನಿಂತಿದ್ದರು.

ನನ್ನ ಬಾಯಿ ಮುಚ್ಚಿತು. ಕೈ ತಾನಾಗಿಯೇ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಹಿರಿಯರು ಎದುರಾದರೆ ನಮ್ಮ ಕಡೆ ಹೆಣ್ಣುಮಕ್ಕಳು ಮಾಡುವುದು ಅದನ್ನೇ. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಗಂಗವ್ವ ಬಂದರು. ಕಂಬವನ್ನೊಮ್ಮೆ ಸವರಿದರು. ಮೇಲೆ ತೊಲೆಯ ಕಡೆ ನೋಡಿದರು. ಹೋಗುತ್ತ ನನಗೊಂದು ಮಾತು ಹೇಳಿದರು. ನಾನು ತಲೆಯಾಡಿಸಿದೆ. ಅವರು ಅಂಗಳಕ್ಕಿಳಿದು ಹೋದರು. ಕ್ಯಾಮೆರಾ ನಿಂತಿತು. ರೀಲೂ ಮುಗಿಯಿತು.

ಮಲ್ಲಣ್ಣ ಕ್ಯಾಮೆರಾ ಚೀಲಕ್ಕೆ ತುಂಬುತ್ತ, "ದೆವ್ವಕ್ಕ ನಮಸ್ಕಾರ ಮಾಡೂ ಹೀರೋಯಿನ್ನ ಜಗತ್ತಿನಾಗ ಯಾರೂ ನೋಡಿರಾಕಿಲ್ಲ ಬಿಡ," ಎಂದ.

ರೀಲುಗಳನ್ನು ತೊಳೆಯಲು ಮುಂಬಯಿಗೆ ಕಳಿಸಿದ. ತಿಂಗಳುಗಳು ಹೋದವು. ವಾಡೇಕ್ಕೆ ಮತ್ತೆ ಎರಡು ಕೀಲಿ ಬಿದ್ದವು.

ಶ್ರಾವಣದಲ್ಲಿ ಗಂಗವ್ವ ಹೋದರು. ಬಬಲೇಶ್ವರದಲ್ಲಿ, ಮಧ್ಯಾಹ್ನ ಉಂಡು ಅಡ್ಡಾದವರು ಏಳಲಿಲ್ಲ. ಶಿವಪ್ಪಣ್ಣ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬೇಗ ಹೇಳಿ ಕಳಿಸಲಿಲ್ಲ ಎಂದು ಅವರು, ಹೇಳಿ ಕಳಿಸಿದರೂ ಬರಲಿಲ್ಲ ಎಂದು ಇವರು. ಇದ್ದ ಸಿಟ್ಟಿಗೆ ಇನ್ನೊಂದು ಸಿಟ್ಟು ಕೂಡಿತು. ಗೋಡೆಗೆ ಹಾಕೋಣವೆಂದರೆ ಆಕೆಯದು ಒಂದು ಫೋಟೋ ಕೂಡ ಎಲ್ಲಿಯೂ ಇರಲಿಲ್ಲ. ನಾನು ಅವ್ವನ ಜೊತೆ ಮಾತಾಡಿಸಲು ಹೋದಾಗ ಶಿವಪ್ಪಣ್ಣ ಅಂಗಡಿಯಲ್ಲಿ ಜೋಳದ ಚೀಲಗಳ ನಡುವೆ ಕೂತು, "ಅವ್ವನ ಮಾರಿ ಮರ್ತು ಹೋಗ್ತದೋ ಏನೋ ಅಂತ ಅಂಜಿಕಿ ಬರ್ತದ ತಂಗಿ," ಎಂದಿದ್ದರು.

ದಸರೆಯ ಹೊತ್ತಿಗೆ ರೀಲು ಬಂತು. ಮಲ್ಲಣ್ಣ ತುಂಡುಗಳನ್ನು ಅಂಟಿಸಿ ಸಿನಿಮಾ ಮಾಡಿದ. ಕಡೆಯ ತುಂಡನ್ನು ತೆಗೆಯಬೇಕೆಂದಿದ್ದನಂತೆ. ತೆಗೆದರೆ ಕಡೆಯೇ ಇಲ್ಲದಂತಾಗುತ್ತದೆಂದು ಉಳಿಸಿದ. ಗಂಗವ್ವ ಅದರಲ್ಲಿದ್ದಾರೆ ಎನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲವೆಂದರೆ ನಿಮಗೆ ಆಶ್ಚರ್ಯವಾದೀತು. ನಿಜವಾಗಿಯೂ ಹೊಳೆಯಲಿಲ್ಲ. ಅವನಿಗೆ ಅದು ಕೆಟ್ಟುಹೋದ ಶಾಟು, ನನಗೆ ನನ್ನ ಕೆಟ್ಟ ನಟನೆ. ಇಬ್ಬರೂ ನಮ್ಮ ನಮ್ಮ ನಾಚಿಕೆಯನ್ನಷ್ಟೇ ನೆನಪಿಟ್ಟುಕೊಂಡಿದ್ದೆವು.

ತೋರಿಸುವ ಯಂತ್ರ ಎಲ್ಲಿಂದ ಬರಬೇಕು? ಆಗ ರೈತರಿಗೆ ಗೊಬ್ಬರ, ಬೀಜದ ಸಿನಿಮಾ ತೋರಿಸುತ್ತ ಊರೂರು ತಿರುಗುವ ಸರ್ಕಾರಿ ವ್ಯಾನ್ ಒಂದಿತ್ತು. ಅದು ತಿಕೋಟಾಕ್ಕೆ ಬಂದ ದಿನ ಅದರ ಆಪರೇಟರನನ್ನು ಮಲ್ಲಣ್ಣ ಕಾಡಿ ಬೇಡಿ ಒಪ್ಪಿಸಿದ. ಖಾಕಿ ಬಟ್ಟೆಯ, ದೊಡ್ಡ ಬೂಟಿನ ಆ ಮನುಷ್ಯ ಒಂದೇ ಷರತ್ತು ಹಾಕಿದ: "ಮೊದಲ ಗೊಬ್ಬರ. ಆಮ್ಯಾಲ ದೆವ್ವ."

ವಾಡೇದ ಕೀಲಿಗಳು ಮತ್ತೆ ತೆರೆದವು. ಪಡಸಾಲಿಯ ಬೆಳಕಿಂಡಿಗಳಿಗೆಲ್ಲ ಜೋಳದ ಚೀಲ ತುರುಕಿ ಹಗಲನ್ನು ಕತ್ತಲೆ ಮಾಡಿದರು. ನಡುಮನೆಯ ಬಾಗಿಲಿಗೇ ಬಿಳಿ ಧೋತರ ಕಟ್ಟಿ ಪರದೆ ಮಾಡಿದರು. ಮಳೆಗಾಲ ಕಳೆದ ಮೇಲೆ ನೆಲದ ತುಂಬ ಮತ್ತೆ ಧೂಳು, ಇಲಿಯ ಹಿಕ್ಕೆ. ಮಂದಿ ಚಪ್ಪಲಿ ಹಾಕಿಕೊಂಡೇ ಬಂದು, ಚೀಲ ಹಾಸಿಕೊಂಡು ಕೂತರು. ಶಿವಪ್ಪಣ್ಣನ ಕಡೆಯವರು ಬಲಕ್ಕೆ, ಈರಪ್ಪನ ಕಡೆಯವರು ಎಡಕ್ಕೆ. ನಡುವೆ ಯಂತ್ರ. ಮಲ್ಲಣ್ಣನ ಅಪ್ಪ ಎಲ್ಲರಿಗಿಂತ ಹಿಂದೆ, ಕೈಕಟ್ಟಿ ನಿಂತಿದ್ದರು.

ಗೊಬ್ಬರದ ಸಿನಿಮಾ ಚೆನ್ನಾಗಿ ಹೋಯಿತು. ತಿಪ್ಪೆಗುಂಡಿ ಹೇಗೆ ತೋಡಬೇಕೆಂದು ಒಬ್ಬ ಮನುಷ್ಯ ಹಿಂದಿಯಲ್ಲಿ ಹೇಳಿದ. ಮಂದಿ ತಲೆದೂಗಿದರು. ಆಮೇಲೆ ನಾನು ಬಂದೆ.

ಹೆದರುವುದಿರಲಿ, ಮಂದಿ ಗುರುತು ಹಿಡಿಯಲು ಶುರುಮಾಡಿದರು. "ಇದ ಕಂಬ ನೋಡು, ಇಲ್ಲೇ ಐತಲ್ಲ." "ಏ, ನಮ್ಮ ಹಪ್ಪಳ." "ಅಟ್ಟದ ಮ್ಯಾಲ ಕೋಳಿ ಯಾರದಲೇ?" ನಾನು ಗಂಭೀರವಾಗಿ ಖಾಲಿ ಖೋಲಿಯೊಳಗೆ ಇಣುಕುತ್ತಿದ್ದರೆ ಕಿಟಕಿಯ ರುಮಾಲಿನ ಒಡೆಯ ಸಭೆಯಲ್ಲಿ ಎದ್ದು ನಿಂತು ನಮಸ್ಕಾರ ಮಾಡಿದ. ಮಲ್ಲಣ್ಣ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಎಣ್ಣೆ ಅಂಗಡಿ ಅವನಿಗೆ ಕಣ್ಣ ಮುಂದೆ ಕಾಣುತ್ತಿತ್ತು.

ಆಗ ಪರದೆಯ ಮೇಲೆ ಪಡಸಾಲಿ ಬಂತು. ಝಗಝಗ ಬೆಳಕು. 'ನಾನು' ನಡೆದೆ, ನಿಂತೆ, ಹೊರಳಿದೆ. ಬಾಗಿಲಲ್ಲಿ ಗಂಗವ್ವ.

ಪರದೆ ಕಟ್ಟಿದ್ದೇ ಆ ಬಾಗಿಲಿಗೆ. ಬಾಗಿಲೊಳಗಿನಿಂದ ಆ ಬಾಗಿಲಿಗೇ ಆಕೆ ಬಂದು ನಿಂತ ಹಾಗಿತ್ತು. ಪರದೆಯ ಮೇಲಿನ ನಾನು ಸೆರಗು ಹೊದ್ದು ದಾರಿ ಬಿಟ್ಟೆ. ಗಂಗವ್ವ ಕಂಬ ಸವರಿದರು, ತೊಲೆ ನೋಡಿದರು, ಬಾಯಿ ಅಲುಗಿಸಿ ಏನೋ ಅಂದರು, ಹೋದರು. ಧೋತರ ಬೆಳ್ಳಗಾಯಿತು.

ನಾನು ಅಂಜಿ ಕೂತಿದ್ದೆ. ಸತ್ತು ಮೂರು ತಿಂಗಳೂ ಆಗದ ತಾಯಿಯನ್ನು ದೆವ್ವದ ಸಿನಿಮಾದಲ್ಲಿ ತೋರಿಸಿದ್ದಕ್ಕೆ ಅಣ್ಣತಮ್ಮಂದಿರು ಮಲ್ಲಣ್ಣನನ್ನು ಏನು ಮಾಡುತ್ತಾರೋ ಎಂದು. ಕತ್ತಲೆಯಲ್ಲಿ ಬಲಗಡೆಯಿಂದ ಶಿವಪ್ಪಣ್ಣನ ದನಿ ಬಂತು. ಬಹಳ ಮೆತ್ತಗೆ.

"ಇನ್ನೊಮ್ಮಿ ಬಿಡಾಕ ಬರ್ತದೇನ್ರಿ?"

ಆಪರೇಟರ್ ರೀಲು ಹಿಂದಕ್ಕೆ ಸುತ್ತಿದ. ಗಂಗವ್ವ ಮತ್ತೆ ಬಂದರು, ಸವರಿದರು, ನೋಡಿದರು, ಅಂದರು, ಹೋದರು.

"ಶಿವಾ ಅಂದ್ಲು," ಎಂದರು ಶಿವಪ್ಪಣ್ಣ. "ತುಟಿ ನೋಡಿದ್ರೇನು? ನನ್ನ ಹೆಸರ ಅಂದ್ಲು."

ಎಡಗಡೆಯಿಂದ ಈರಪ್ಪ ಎಂದರು, "ಯಾರಾರ ಅವರಿಗೆ ಹೇಳ್ರಿ. ಅಂದದ್ದು ಈರಾ ಅಂತ."

ಮತ್ತೆ ಬಿಟ್ಟರು. ತಾಯಿಯ ತುಟಿಯನ್ನೂ ಅವರು ಪಾಲು ಮಾಡಲು ಕೂತಿದ್ದರು. ಶಿ ಅನ್ನುವಾಗ ಹಲ್ಲು ಕಾಣುತ್ತದೆ, ಕಂಡಿದೆ ಎಂದು ಬಲಗಡೆಯವರು. ಈ ಅಂದರೂ ಹಲ್ಲು ಕಾಣುತ್ತದೆ ಎಂದು ಎಡಗಡೆಯವರು. ಅತ್ತೆಗೆ ಮುಂದಿನ ಹಲ್ಲೇ ಇರಲಿಲ್ಲವಲ್ಲ ಎಂದು ಸೊಸೆಯರಿಬ್ಬರೂ ಒಟ್ಟಿಗೆ ಹೇಳಿ, ಒಬ್ಬರನ್ನೊಬ್ಬರು ನೋಡಿಕೊಂಡರು. ಆಪರೇಟರ್, "ಯಂತ್ರ ಕಾದು ಹೋಗೈತ್ರಿ," ಎಂದ. ಹೊರಗೆ ಕನ್ನಡಿ ಹಿಡಿದು ನಿಂತಿದ್ದ ಮಕ್ಕಳಿಬ್ಬರಿಗೂ ಆ ಹೊತ್ತಿನಲ್ಲಿ ತಾಯಿ ಒಳಗೆ ಏನಂದಳೆಂದು ತಿಳಿಯುವ ದಾರಿ ಇರಲಿಲ್ಲ. ಕ್ಯಾಮೆರಾದ ಸದ್ದಿನಲ್ಲಿ ಮಲ್ಲಣ್ಣನಿಗೂ ಕೇಳಿರಲಿಲ್ಲ.

ಶಿವಪ್ಪಣ್ಣ ನನ್ನ ಕಡೆ ಹೊರಳಿದರು. "ಕಮಲಾ, ನೀ ಅಲ್ಲೇ ಇದ್ದಿ. ನಿನಗ ಕೇಳಿರಬೇಕು. ಅವ್ವ ಏನಂದ್ಲು?"

ಈರಪ್ಪನೂ ನನ್ನ ಮುಖ ನೋಡುತ್ತಿದ್ದರು. ಊರೇ ನೋಡುತ್ತಿತ್ತು. ಇಬ್ಬರ ಹೆಸರೂ ಅಂದರು ಎಂದು ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಟೀಚರಾದವಳಿಗೆ ಅಂಥ ಜಾಣತನ ತಡವಾಗಿ ಹೊಳೆಯುತ್ತದೆ. ಅಷ್ಟರಲ್ಲಿ ಬಾಯಿಂದ ಇದ್ದದ್ದೇ ಬಂದುಬಿಟ್ಟಿತ್ತು.

"ನಿಮ್ಮ ಹೆಸರ ಅನ್ನಲಿಲ್ರಿ. ಇವರದೂ ಅನ್ನಲಿಲ್ಲ. ನಾ ಪಡಸಾಲ್ಯಾಗ ಚಪ್ಪಲಿ ಮೆಟ್ಟಿಕೊಂಡ ನಿಂತಿದ್ದೆ. ನನ್ನ ಕಾಲ ನೋಡಿ, 'ಚಪ್ಪಲಿ ಹೊರಗ ಬಿಡವಾ, ಈಗಿನ್ನ ಸಾರಿಸೇನಿ' ಅಂದ್ರು."

ಶಿವಪ್ಪಣ್ಣ ಬಗ್ಗಿ ತಮ್ಮ ಕಾಲು ನೋಡಿಕೊಂಡರು. ದೊಡ್ಡ ಕೊಲ್ಹಾಪುರಿ ಚಪ್ಪಲಿ, ಓಣಿಯ ಮಣ್ಣು ಮೆತ್ತಿಕೊಂಡಿತ್ತು. ಕತ್ತಲಲ್ಲಿ ಮೆಲ್ಲಗೆ ಎದ್ದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಮಂದಿಯನ್ನು ದಾಟಿ ಹೊಸ್ತಿಲ ಆಚೆ ಇಟ್ಟು ಬಂದರು. ಈರಪ್ಪ ಎದ್ದು ತಮ್ಮವನ್ನು ಅವುಗಳ ಪಕ್ಕದಲ್ಲಿ ಬಿಟ್ಟು ಬಂದರು. ಆಮೇಲೆ ಸೊಸೆಯರು. ಆಮೇಲೆ ಬಲಗಡೆಯವರು, ಎಡಗಡೆಯವರು, ಎಣ್ಣೆ ಅಂಗಡಿಯ ದೊಡ್ಡಪ್ಪ, ಎಲ್ಲರೂ ಒಬ್ಬೊಬ್ಬರಾಗಿ ಹೋಗಿ ಬಂದರು. ಕಡೆಗೆ ಯಂತ್ರದ ಹತ್ತಿರ ಆಪರೇಟರ್ ಒಬ್ಬನೇ ಬೂಟಿನಲ್ಲಿ ಉಳಿದ. ಆ ಕಡೆ ಈ ಕಡೆ ನೋಡಿ ಶಿವಪ್ಪಣ್ಣನನ್ನು ಕೇಳಿದ, "ನಾನೂ ಬಿಡಬೇಕೇನ್ರಿ?"

ಉತ್ತರ ಎಡಗಡೆಯಿಂದ ಬಂತು.

"ಬಿಡ್ರಿ," ಎಂದರು ಈರಪ್ಪ. "ಅವ್ವ ಸಾರಿಸ್ಯಾಳ."